ಅಗುಳಿಗೆ ಚರ್ಮ ಸುತ್ತಿದವರು

ಇಂಗ್ಲೆಂಡಿನ ಯಾರ್ಕ್ ಊರಿನ ಹೊರಗೆ ಒಂದು ದಿಬ್ಬದ ಮೇಲೆ 1796ರಲ್ಲಿ ಮನೋರೋಗಿಗಳಿಗೆಂದು ಒಂದು ಆಸ್ಪತ್ರೆ ಶುರುವಾಯಿತು. ದೂರದಿಂದ ನೋಡಿದವರಿಗೆ ಅದು ಯಾರೋ ಅನುಕೂಲಸ್ಥರ ತೋಟದ ಮನೆ. ಕಿಟಕಿಗಳಿಗೆ ಜೈಲಿನ ಸರಳುಗಳಿರಲಿಲ್ಲ. ಹತ್ತಿರ ಹೋಗಿ ಮುಟ್ಟಿದರೆ ಮಾತ್ರ ಗುಟ್ಟು ತಿಳಿಯುತ್ತಿತ್ತು: ಗಾಜು ಕೂರಿಸಿದ ಪಟ್ಟಿಗಳು ಮರದವಲ್ಲ, ಮರದಂತೆ ಕಾಣಲೆಂದು ಮಾಡಿಸಿದ ಕಬ್ಬಿಣದವು. ಬಾಗಿಲುಗಳಿಗೆ ಅಗುಳಿ ಇತ್ತು, ಆದರೆ ಅದಕ್ಕೆ ಚರ್ಮ ಸುತ್ತಿದ್ದರು. ರಾತ್ರಿ ಬಾಗಿಲು ಭದ್ರಪಡಿಸುವಾಗ ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಒಳಗೆ ಮಲಗಿದವರ ಕಿವಿಗೆ ಬೀಳಬಾರದು ಅಂತ.

ಬಾಗಿಲಿಗೆ ಬೀಗವೇ ಇರಲಿಲ್ಲ ಎಂದು ಯಾರೂ ಹೇಳಲಿಲ್ಲ. ಬೀಗದ ಸದ್ದಿನಿಂದಲೂ ಮನುಷ್ಯನಿಗೆ ನೋವಾಗುತ್ತದೆ ಎಂದು ಯೋಚಿಸಿದ್ದರು, ಅಷ್ಟೇ. ಆ ಕಾಲಕ್ಕೆ ಅದೇ ದೊಡ್ಡ ವಿಷಯ.

ಈ ಆಸ್ಪತ್ರೆಯ ಹೆಸರು ‘ದಿ ರಿಟ್ರೀಟ್’. ಕಟ್ಟಿದವರು ಕ್ವೇಕರ್ ಪಂಥದ ಕ್ರೈಸ್ತರು. ಧರ್ಮ ಮತ್ತು ಮನೋರೋಗ ಎಂಬ ಎರಡು ಪದ ಒಟ್ಟಿಗೆ ಬಂದರೆ ನಮಗೆ ನೆನಪಾಗುವುದು ಬೇರೆಯೇ: ತಾಯತ, ಬೇವಿನ ಸೊಪ್ಪು, ಗಾಳಿ ಬಿಡಿಸುವವರು, ಕಂಬಕ್ಕೆ ಕಟ್ಟಿದ ಸರಪಳಿ. 2001ರ ಆಗಸ್ಟ್ 6ರ ಬೆಳಗಿನ ಜಾವ ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾಕ್ಕೆ ಬಂದ ರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಒಂದು ಖಾಸಗಿ ಆಶ್ರಯದ ಗುಡಿಸಲಿಗೆ ಬೆಂಕಿ ಬಿದ್ದು 28 ಜನ ಸತ್ತರು. ಕಾಲಿಗೆ ಸರಪಳಿ ಇದ್ದುದರಿಂದ ಅವರಿಗೆ ಓಡಲಾಗಲಿಲ್ಲ. ಯಾರ್ಕಿನ ಕತೆ ಶುರುವಾಗುವುದೂ ಒಂದು ಸಾವಿನಿಂದಲೇ. ಆದರೆ ಅಲ್ಲಿ ಸತ್ತವಳು ಇದ್ದದ್ದು ದೇವರ ಮನೆಯಲ್ಲಲ್ಲ, ಊರಿನ ದೊಡ್ಡವರ ವಂತಿಗೆಯಿಂದ ಕಟ್ಟಿದ, ವೈದ್ಯರೇ ನಡೆಸುತ್ತಿದ್ದ ಆಸ್ಪತ್ರೆಯಲ್ಲಿ.

ಹ್ಯಾನಾ ಮಿಲ್ಸ್ ಲೀಡ್ಸ್ ಊರಿನ ವಿಧವೆ, ಕ್ವೇಕರ್ ಹೆಂಗಸು. ಮಂಕು ಕವಿದಂತಾಗಿ, 1790ರ ಮಾರ್ಚಿನಲ್ಲಿ ಅವಳನ್ನು ಯಾರ್ಕ್ ಅಸೈಲಮ್ ಎಂಬ ಆ ಹುಚ್ಚಾಸ್ಪತ್ರೆಗೆ ಸೇರಿಸಿದರು. ಮನೆಯವರು ದೂರದಲ್ಲಿದ್ದರು. ‘ನಮ್ಮವಳನ್ನು ಒಮ್ಮೆ ನೋಡಿ ಬನ್ನಿ’ ಎಂದು ಯಾರ್ಕಿನ ಕ್ವೇಕರ್ ಬಂಧುಗಳಿಗೆ ಹೇಳಿ ಕಳಿಸಿದರು. ಹೋದವರನ್ನು ಅಸೈಲಮ್ಮಿನವರು ಒಳಗೆ ಬಿಡಲಿಲ್ಲ. ಚಿಕಿತ್ಸೆ ನಡೆಯುತ್ತಿದೆ, ಈಗ ನೋಡುವಂತಿಲ್ಲ ಎಂಬ ಉತ್ತರ. ಆರೇಳು ವಾರ ಕಳೆಯುವಷ್ಟರಲ್ಲಿ, ಏಪ್ರಿಲ್ ಕೊನೆಗೆ, ಅವಳು ತೀರಿಕೊಂಡಳು. ಒಳಗೆ ಏನಾಯಿತೆಂದು ಯಾರಿಗೂ ಗೊತ್ತಾಗಲಿಲ್ಲ.

ಆ ಊರಿನಲ್ಲಿ ವಿಲಿಯಂ ಟ್ಯೂಕ್ ಎಂಬ ಚಹಾ-ಕಾಫಿ ವ್ಯಾಪಾರಿ ಇದ್ದ. ಕ್ವೇಕರರು ಸರ್ಕಾರಿ ಚರ್ಚಿಗೆ ಸೇರದವರಾದ್ದರಿಂದ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳಲ್ಲಿ ಪದವಿ ಪಡೆಯುವಂತಿರಲಿಲ್ಲ. ಹೀಗಾಗಿ ಜಾಣರೆಲ್ಲ ವ್ಯಾಪಾರಕ್ಕಿಳಿದಿದ್ದರು. (ಟ್ಯೂಕ್ ಮನೆತನದ ಕೋಕೋ ವ್ಯವಹಾರವನ್ನು 1862ರಲ್ಲಿ ಕೊಂಡವನು ಇನ್ನೊಬ್ಬ ಕ್ವೇಕರ್, ಹೆನ್ರಿ ರೌಂಟ್ರಿ. ಅವನು ಶುರು ಮಾಡಿದ ಕಂಪನಿಯೇ ಮುಂದೆ ಕಿಟ್‌ಕ್ಯಾಟ್ ಮಾಡಿದ್ದು. ಅಂಗಡಿಯಲ್ಲಿ ಅದನ್ನು ಬಿಚ್ಚುವಾಗ ನನಗೆ ಈ ಆಸ್ಪತ್ರೆ ನೆನಪಾಗುವುದುಂಟು.) ನಮ್ಮವರಿಗೆ ನಮ್ಮದೇ ಜಾಗ ಯಾಕಿರಬಾರದು ಎಂದು ಮೊದಲು ಕೇಳಿದವಳು ಟ್ಯೂಕನ ಮಗಳು ಆ್ಯನ್ ಎನ್ನುತ್ತಾರೆ. ಹೆಂಡತಿ ಎಸ್ತರ್‌ಗೆ ಅಷ್ಟು ಭರವಸೆ ಇರಲಿಲ್ಲ. ನಿನ್ನ ತಲೆಯಲ್ಲಿ ಹುಟ್ಟಿದ ಕೂಸುಗಳು ಬಹಳ, ಇದೊಂದು ಮಾತ್ರ ದಡ್ಡ ಕೂಸಾದೀತು ಎಂದು ಗಂಡನನ್ನು ಛೇಡಿಸಿದಳೆಂದು ಅವರ ಮನೆತನದವರೇ ಬರೆದಿಟ್ಟಿದ್ದಾರೆ. 1792ರಲ್ಲಿ ಟ್ಯೂಕ್ ಯಾರ್ಕ್‌ಷೈರಿನ ಕ್ವೇಕರರ ಸಭೆಯ ಮುಂದೆ ವಿಷಯ ಇಟ್ಟ. ನಾಲ್ಕು ವರ್ಷ ಹಣ ಎತ್ತಿ, ಹನ್ನೊಂದು ಎಕರೆ ನೆಲ ಕೊಂಡು, ಸುಮಾರು ಮೂವತ್ತು ಜನರಿಗೆ ಜಾಗವಾಗುವ ಕಟ್ಟಡ ಎಬ್ಬಿಸಿದರು. ‘ರಿಟ್ರೀಟ್’ ಎಂಬ ಹೆಸರು ಸೂಚಿಸಿದ್ದು ಟ್ಯೂಕನ ಸೊಸೆ. ಹುಚ್ಚಾಸ್ಪತ್ರೆ ಎನ್ನುವ ಮಾತೇ ಬರದಂತಹ ಹೆಸರು.

ಇಲ್ಲಿ ಧರ್ಮದ ಪಾತ್ರ ಏನು? ಪ್ರಾರ್ಥನೆ ಮಾಡಿ ವಾಸಿ ಮಾಡುತ್ತೇವೆಂದು ಅವರು ಹೊರಟಿರಲಿಲ್ಲ. ಪ್ರತಿ ಮನುಷ್ಯನ ಒಳಗೂ ದೇವರ ಬೆಳಕು ಇರುತ್ತದೆ ಎನ್ನುವುದು ಕ್ವೇಕರರ ನಂಬಿಕೆಯ ತಿರುಳು. ಬುದ್ಧಿ ಕೆಟ್ಟಿತು ಎಂದರೂ ಆ ಬೆಳಕು ಪೂರ್ತಿ ಆರುವುದಿಲ್ಲ. ಆಗಿನ ಬಹಳಷ್ಟು ವೈದ್ಯರ ಎಣಿಕೆ ಬೇರೆಯಿತ್ತು: ವಿವೇಕ ಹೋದರೆ ಉಳಿಯುವುದು ಪ್ರಾಣಿ, ಪ್ರಾಣಿಯನ್ನು ಪಳಗಿಸಬೇಕು, ಹೆದರಿಸಬೇಕು. ಹೊಡೆತ, ಹಸಿವು, ತಣ್ಣೀರಿನ ಆಘಾತ ಎಲ್ಲ ಆ ಎಣಿಕೆಯಿಂದ ಬಂದ ‘ಚಿಕಿತ್ಸೆ’ಗಳು. ಒಳಗೆ ಬೆಳಕಿದೆ ಎಂದು ನಂಬಿದವನು ಅದೇ ರೋಗಿಯ ಮುಂದೆ ಕೂತು ಮಾತಾಡಲು ನೋಡುತ್ತಾನೆ. ನಂಬಿಕೆ ತಂದ ವ್ಯತ್ಯಾಸ ಇಷ್ಟು.

ಔಷಧಿಯನ್ನೂ ಅವರು ಪ್ರಯತ್ನಿಸದೆ ಬಿಡಲಿಲ್ಲ. ಮೊದಲ ವೈದ್ಯ ಥಾಮಸ್ ಫೌಲರ್ ಹೆಸರುವಾಸಿ. ಆರ್ಸೆನಿಕ್ ಬೆರೆಸಿದ ‘ಫೌಲರನ ದ್ರಾವಣ’ ಮುಂದೆ ನೂರು ವರ್ಷಕ್ಕೂ ಮೀರಿ ಔಷಧಿ ಅಂಗಡಿಗಳಲ್ಲಿ ಓಡಿತು. ಇಂಥವನು ರಿಟ್ರೀಟಿನಲ್ಲಿ ಆ ಕಾಲದ ಮದ್ದುಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ, ಹೆಚ್ಚಿನವು ಏನೂ ಮಾಡುವುದಿಲ್ಲ ಎಂದು ಒಪ್ಪಿಕೊಂಡ. ಬಿಸಿನೀರಿನ ಸ್ನಾನ ಮಂಕು ಕವಿದವರಿಗೆ ಸ್ವಲ್ಪ ಹಿತ, ಅಷ್ಟೇ. ತನ್ನ ಮದ್ದು ಕೆಲಸ ಮಾಡುತ್ತಿಲ್ಲ ಎಂದು ಒಪ್ಪಿಕೊಳ್ಳುವ ವೈದ್ಯ ಈಗಲೂ ಅಪರೂಪ.

ಮದ್ದಿನ ಜಾಗ ಖಾಲಿಯಾಯಿತು. ಅದನ್ನು ತುಂಬಿದವರು ಜಾರ್ಜ್ ಜೆಪ್ಸನ್ ಮತ್ತು ಕ್ಯಾಥರೀನ್ ಅಲೆನ್. ಜೆಪ್ಸನ್ ಹಿಂದೆ ನೇಕಾರನಾಗಿದ್ದವನು, 1797ರಲ್ಲಿ ಮೇಲ್ವಿಚಾರಕನಾಗಿ ಬಂದ. ಕ್ಯಾಥರೀನ್ ಹೆಂಗಸರ ವಿಭಾಗದ ಉಸ್ತುವಾರಿ. ಮುಂದೆ ಇಬ್ಬರೂ ಮದುವೆಯಾದರು. ಇವರು ಮಾಡಿದ್ದನ್ನು ಲೋಕಕ್ಕೆ ತಿಳಿಸಿದವನು ಟ್ಯೂಕನ ಮೊಮ್ಮಗ ಸ್ಯಾಮ್ಯುಯೆಲ್. 1813ರಲ್ಲಿ ಅವನು ಆಸ್ಪತ್ರೆಯ ಬಗ್ಗೆ ಬರೆದ ಪುಸ್ತಕದಿಂದಲೇ ‘ಮಾರಲ್ ಟ್ರೀಟ್‌ಮೆಂಟ್’ ಎಂಬ ಮಾತು ಎಲ್ಲೆಡೆ ಹರಡಿತು. ಕನ್ನಡದಲ್ಲಿ ಇದನ್ನು ‘ನೈತಿಕ ಚಿಕಿತ್ಸೆ’ ಎಂದು ಬರೆದುಬಿಡುತ್ತಾರೆ, ಆಗ ಯಾರೋ ನೀತಿಪಾಠ ಹೇಳಿದಂತೆ ಕೇಳಿಸುತ್ತದೆ. ಆಗಿನ ಬಳಕೆಯಲ್ಲಿ ‘ಮಾರಲ್’ ಎಂದರೆ ದೇಹಕ್ಕಲ್ಲ, ಮನಸ್ಸಿಗೆ ಸಂಬಂಧಪಟ್ಟದ್ದು. ಮನಸ್ಸಿನ ದಾರಿಯಿಂದ ಮಾಡುವ ಚಿಕಿತ್ಸೆ ಎಂದರೆ ಸರಿಹೋದೀತು.

ಅದು ಹೇಗೆ ನಡೆಯುತ್ತಿತ್ತು ಎನ್ನುವುದಕ್ಕೆ ಸ್ಯಾಮ್ಯುಯೆಲ್ ಕೊಟ್ಟ ಒಂದು ಪ್ರಸಂಗ ಸಾಕು. ಮೂವತ್ತನಾಲ್ಕರ ಆಸುಪಾಸಿನ ಒಬ್ಬ ಗಂಡಸು, ಭೀಮಕಾಯ. ಹಿಂದೆ ಇದ್ದ ಕಡೆ ಅವನ ಕೈಕೋಳ ತೆಗೆಯಲು ಹೆದರಿ, ಬಟ್ಟೆಗೆ ದಾರ ಕಟ್ಟಿ, ಕೋಳ ಇದ್ದಂತೆಯೇ ಹಾಕಿ ತೆಗೆದು ಮಾಡುತ್ತಿದ್ದರಂತೆ. ರಿಟ್ರೀಟಿಗೆ ತಂದ ಕೂಡಲೇ ಅದನ್ನು ಬಿಚ್ಚಿದರು. ಮೇಲ್ವಿಚಾರಕರು ರಾತ್ರಿಯೂಟಕ್ಕೆ ಕೂತಿದ್ದ ಕೋಣೆಗೇ ಕರೆದುಕೊಂಡು ಹೋದರು. ಅವನೂ ಮೇಜಿಗೆ ಕೂತ. ಒರಟುತನ ಮಾಡದೆ ಉಂಡ. ಊಟವಾದ ಮೇಲೆ ಅವನ ಕೋಣೆ ತೋರಿಸಿ ಹೇಳಿದರು: ಇಲ್ಲಿ ಎಲ್ಲರೂ ಆರಾಮಾಗಿರಬೇಕೆಂಬುದು ನಮ್ಮ ಆಸೆ, ನಿಮ್ಮನ್ನು ಕಟ್ಟಿಹಾಕುವ ಪ್ರಸಂಗ ಬರಲಿಕ್ಕಿಲ್ಲ ಎಂದುಕೊಂಡಿದ್ದೇವೆ. ತನ್ನನ್ನು ತಾನು ಹಿಡಿತದಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಅವನು ಮಾತು ಕೊಟ್ಟ. ಆಗಾಗ ಕಿರುಚಾಡಿದ್ದುಂಟು. ಆಗ ಜೆಪ್ಸನ್ ಅವನ ಕೋಣೆಗೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ. ಮೊದಲು ರೇಗಾಟ ಜಾಸ್ತಿಯಾಗಿ, ಆಮೇಲೆ ಇಳಿಯುತ್ತಿತ್ತು. ನಾಲ್ಕು ತಿಂಗಳಿಗೆ ವಾಸಿಯಾಗಿ ಮನೆಗೆ ಹೋದ. ಇದ್ದಷ್ಟು ದಿನ ಒಮ್ಮೆಯೂ ಅವನನ್ನು ಕಟ್ಟಲಿಲ್ಲ.

ಕಟ್ಟಿಹಾಕಿದವನಿಗೆ ಮಾತು ಕೊಡುವ ಅವಕಾಶವೇ ಇರುವುದಿಲ್ಲ. ಈ ಪದ್ಧತಿಯ ಸತ್ವ ಅಲ್ಲಿದೆ ಎಂದು ನನಗನಿಸುತ್ತದೆ. ಹುಚ್ಚ ಎಂದು ತೀರ್ಮಾನವಾದವನ ಮಾತಿಗೆ ಲೋಕದಲ್ಲಿ ಬೆಲೆ ಇಲ್ಲ, ಕುಡುಕನ ಮಾತಿಗಂತೂ ಮೊದಲೇ ಇಲ್ಲ. ಇವರು ಹೋಗಿ ಮಾತು ಕೇಳಿದರು.

ಉಳಿದದ್ದೆಲ್ಲ ದಿನನಿತ್ಯದ ಕೆಲಸ. ಅಂಗಳದಲ್ಲಿ ಮೊಲ, ಕೋಳಿ, ಗಿಡುಗ, ಕಡಲಹಕ್ಕಿಗಳನ್ನು ಬಿಟ್ಟಿದ್ದರು. ಮಾತು ಬಿಟ್ಟವರೂ ಮೊಲದ ಹತ್ತಿರ ಕೂರುತ್ತಿದ್ದರು. ಹೆಂಗಸರನ್ನು ಚಹಾಕ್ಕೆ ಕರೆಯುತ್ತಿದ್ದರು, ಅವರು ಒಳ್ಳೆಯ ಬಟ್ಟೆ ಉಟ್ಟು ಬರುತ್ತಿದ್ದರು. ತೋಟದ ಕೆಲಸ, ಹೊಲಿಗೆ, ಓದು. ಮಂಕು ಕವಿದವರ ಭ್ರಮೆಯನ್ನು ವಾದ ಮಾಡಿ ಬಿಡಿಸಲು ಹೋಗಬೇಡಿ, ಅದರಿಂದ ಭ್ರಮೆ ಇನ್ನೂ ಗಟ್ಟಿಯಾಗುತ್ತದೆ, ಗಮನ ಬೇರೆ ಕಡೆ ತಿರುಗಿಸಿ ಎಂಬ ತಿಳಿವಳಿಕೆಯೂ ಇತ್ತು. ಮನೆಯಲ್ಲಿ ಇಂಥವರನ್ನು ನೋಡಿಕೊಂಡವರಿಗೆ ಇದರ ನಿಜ ಗೊತ್ತು. ಹಾಗೆಂದು ಬಲವಂತ ಪೂರ್ತಿ ನಿಂತಿರಲಿಲ್ಲ: ಸರಪಳಿ ಇರಲಿಲ್ಲ, ಆದರೆ ಅಗತ್ಯ ಕಂಡಾಗ ಕೈಕಟ್ಟುವ ಅಂಗಿ ತೊಡಿಸುತ್ತಿದ್ದರು, ಒಬ್ಬರನ್ನೇ ಕೋಣೆಯಲ್ಲಿ ಇಡುತ್ತಿದ್ದರು.

ಹುಚ್ಚೆದ್ದು ರಾತ್ರಿಯಿಡೀ ನಿದ್ದೆ ಮಾಡದವರಿಗೆ ಜೆಪ್ಸನ್ ಕಂಡುಕೊಂಡ ಉಪಾಯವೂ ಪುಸ್ತಕದಲ್ಲಿದೆ. ಹೊಟ್ಟೆ ತುಂಬ ಮಾಂಸ, ಇಲ್ಲವೇ ಬ್ರೆಡ್ಡು-ಚೀಸು, ಜೊತೆಗೆ ಪೋರ್ಟರ್ ಎಂಬ ಕಪ್ಪು ಬಿಯರು. ಉಂಡು ಕುಡಿದು ಮಲಗುತ್ತಿದ್ದರು. ಹಸಿವಿನಲ್ಲಿ ಇಡುವುದೇ ಚಿಕಿತ್ಸೆ ಎಂದುಕೊಂಡಿದ್ದ ಕಾಲದಲ್ಲಿ ಇದು ಕ್ರಾಂತಿ. ದೇವರ ಹೆಸರಿನ ಆಸ್ಪತ್ರೆಯಲ್ಲಿ ಒಂದು ಕಾಲಕ್ಕೆ ಬಿಯರೇ ಮದ್ದಾಗಿತ್ತು ಎಂಬುದನ್ನು ನೆನಪಿಡಿ, ಯಾಕೆಂದರೆ ಕತೆ ಮುಂದೆ ಕುಡಿತದ ಕಡೆಗೇ ಹೋಗುತ್ತದೆ.

ಸ್ಯಾಮ್ಯುಯೆಲನ ಪುಸ್ತಕ ಪಕ್ಕದ ಯಾರ್ಕ್ ಅಸೈಲಮ್ಮಿನವರಿಗೆ ಚುಚ್ಚಿತು. ಪತ್ರಿಕೆಗಳಲ್ಲಿ ಜಗಳ ಎದ್ದಿತು. ಗಾಡ್‌ಫ್ರೇ ಹಿಗಿನ್ಸ್ ಎಂಬ ಮ್ಯಾಜಿಸ್ಟ್ರೇಟ್ 1814ರಲ್ಲಿ ಆ ಅಸೈಲಮ್ಮಿಗೆ ಹೋಗಿ, ಬೀಗ ಹಾಕಿದ್ದ ಬಾಗಿಲೊಂದನ್ನು ಹಟ ಹಿಡಿದು ತೆಗೆಸಿದಾಗ, ಎಂಟಡಿ ಚೌಕದ ಗೂಡುಗಳಲ್ಲಿ ಹೆಂಗಸರು ಹೊಲಸಿನ ನಡುವೆ ಹುಲ್ಲಿನ ಮೇಲೆ ರಾತ್ರಿ ಕಳೆಯುತ್ತಿದ್ದುದು ಬಯಲಾಯಿತು. ಹ್ಯಾನಾ ಮಿಲ್ಸ್‌ಳನ್ನು ನೋಡಲು ಬಂದವರನ್ನು ಒಳಗೆ ಬಿಡದಿದ್ದುದು ಇದೇ ಅಸೈಲಮ್ಮಿನಲ್ಲಿ. ಮರುವರ್ಷ ಪಾರ್ಲಿಮೆಂಟಿನ ಸಮಿತಿ ದೇಶದ ಹುಚ್ಚಾಸ್ಪತ್ರೆಗಳ ವಿಚಾರಣೆಗೆ ಕೂತಿತು.

ಹಾಗಾದರೆ ಈ ಪದ್ಧತಿ ನಿಜಕ್ಕೂ ವಾಸಿ ಮಾಡುತ್ತಿತ್ತೇ? ರಿಟ್ರೀಟಿನದೇ ವೈದ್ಯ ಜಾನ್ ಥರ್ನಮ್ ಲೆಕ್ಕ ಹಾಕಿದ. ಮೊದಲಿನಿಂದ ಅಲ್ಲಿದ್ದವರಲ್ಲಿ 244 ಜನರ ಬದುಕನ್ನು ಸಾಯುವ ತನಕ ಹಿಂಬಾಲಿಸಿ 1845ರಲ್ಲಿ ಪ್ರಕಟಿಸಿದ. ಹತ್ತು ಜನರಲ್ಲಿ ಐವರು ಗುಣವಾಗುತ್ತಾರೆ, ಐವರು ಆ ಕಾಯಿಲೆಯಲ್ಲೇ ಇಂದೋ ನಾಳೆಯೋ ತೀರಿಕೊಳ್ಳುತ್ತಾರೆ. ಗುಣವಾದ ಐವರಲ್ಲಿ ಕೊನೆಯವರೆಗೂ ಚೆನ್ನಾಗಿರುವವರು ಇಬ್ಬರು, ಮೂವರಿಗೆ ಕಾಯಿಲೆ ಮರುಕಳಿಸುತ್ತದೆ. ನೂರಕ್ಕೆ ತೊಂಬತ್ತು ಪಾಲು ಗುಣ ಎಂದು ಬೇರೆ ಆಸ್ಪತ್ರೆಗಳು ಡಂಗುರ ಹೊಡೆಯುತ್ತಿದ್ದ ಕಾಲದಲ್ಲಿ, ಈ ಪದ್ಧತಿಯ ತವರುಮನೆಯಿಂದಲೇ ಬಂದ ಲೆಕ್ಕ ಇದು. ದಯೆ ಬದುಕನ್ನು ಹಗುರ ಮಾಡಿತು, ಕಾಯಿಲೆಯನ್ನು ಬೇರು ಸಮೇತ ಕೀಳಲಿಲ್ಲ.

ಇನ್ನೊಂದು ಟೀಕೆ ಬಹಳ ತಡವಾಗಿ, 1961ರಲ್ಲಿ, ಫ್ರಾನ್ಸಿನ ಚಿಂತಕ ಮಿಶೆಲ್ ಫೂಕೋನಿಂದ ಬಂತು. ಕಾಲಿನ ಸರಪಳಿಯನ್ನು ತೆಗೆದು ಮನಸ್ಸಿನೊಳಗೆ ಹಾಕಿದರು ಎನ್ನುವುದು ಅವನ ವಾದ. ಯಾವಾಗಲೂ ಯಾರೋ ನೋಡುತ್ತಿದ್ದಾರೆ, ಕೊಟ್ಟ ಮಾತು ತಪ್ಪಿದರೆ ತಪ್ಪು ನನ್ನದೇ ಎಂಬ ಅಳುಕು. ಚಹಾ ಕೂಟವೂ ಒಂದು ಪರೀಕ್ಷೆಯೇ. ಅವನ ಮಾತಿನಲ್ಲಿ ಹುರುಳಿದೆ, ಆದರೆ ದಾರ ಕಟ್ಟಿದ ಬಟ್ಟೆ ಹಾಕಿಸಿಕೊಳ್ಳುತ್ತಿದ್ದವನನ್ನು ಕೇಳಿದ್ದರೆ ಯಾವ ಸರಪಳಿ ಆರಿಸುತ್ತಿದ್ದನೋ!

ಅಮೆರಿಕಕ್ಕೆ ಈ ಬೀಜ ಒಯ್ದವನು ಥಾಮಸ್ ಸ್ಕ್ಯಾಟರ್‌ಗುಡ್ ಎಂಬ ಕ್ವೇಕರ್ ಬೋಧಕ. ಅವನೇ ವಿಷಾದದಲ್ಲಿ ಮುಳುಗೇಳುತ್ತಿದ್ದ ಮನುಷ್ಯ. 1799ರಲ್ಲಿ ರಿಟ್ರೀಟ್ ನೋಡಿ ಹೋದ. ಅವನ ಒತ್ತಾಸೆಯಿಂದ 1813ರಲ್ಲಿ ಫಿಲಡೆಲ್ಫಿಯಾದ ಕ್ವೇಕರರು ಸಂಘ ಕಟ್ಟಿ, 1817ರಲ್ಲಿ 52 ಎಕರೆ ಹೊಲದಲ್ಲಿ ಆಸ್ಪತ್ರೆ ತೆರೆದರು. ಫ್ರೆಂಡ್ಸ್ ಹಾಸ್ಪಿಟಲ್ ಎಂದು ಈಗಲೂ ನಡೆಯುತ್ತಿದೆ. ಬೇರೆ ಕಡೆ ಈ ಪದ್ಧತಿ ಸೋತದ್ದು ಸಂಖ್ಯೆಯಿಂದ. ಮೂವತ್ತು ಜನರೊಡನೆ ಮೇಜಿಗೆ ಕೂರಬಹುದು, ಸಾವಿರ ಜನರೊಡನೆ ಆಗುವುದಿಲ್ಲ. ಹತ್ತೊಂಬತ್ತನೇ ಶತಮಾನದ ಸರ್ಕಾರಿ ಅಸೈಲಮ್ಮುಗಳು ದೊಡ್ಡಿಗಳಾದವು.

ಕುಡಿತದ ಚಟ ಮಾತ್ರ ಇಷ್ಟು ಕಾಲವೂ ಯಾರಿಗೂ ಬೇಡದ ಕೂಸಾಗಿತ್ತು. ಆಸ್ಪತ್ರೆಯವರು ಅದು ಕಾಯಿಲೆಯಲ್ಲ, ಕೆಟ್ಟ ನಡತೆ ಎಂದರು. ಚರ್ಚಿನವರು ಪಾಪ ಎಂದರು. ಕುಡುಕನ ಪಾಲಿಗೆ ‘ಮಾರಲ್’ ಪದ ನೀತಿಪಾಠವಾಗಿಯೇ ಉಳಿಯಿತು. 1935ರಲ್ಲಿ ಅಮೆರಿಕದ ಏಕ್ರನ್ ಎಂಬ ಟೈರು ಕಾರ್ಖಾನೆಗಳ ಊರಿನಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಸರ್ಜನ್ ಬಾಬ್ ಸ್ಮಿತ್ ಭೇಟಿಯಾದರು. ಇಬ್ಬರೂ ಕುಡಿತದಿಂದ ನೆಲ ಕಚ್ಚಿದವರು. ಆ ಭೇಟಿಯಿಂದ ಹುಟ್ಟಿದ್ದು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರ ಬಾಯಲ್ಲಿ ‘ಎಎ’: ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ ಕೂಟ. ಡಾಕ್ಟರಿಗೆ ಒಂದು ಆಸ್ಪತ್ರೆ ಬೇಕಿತ್ತು, ಯಾಕೆಂದರೆ ವರ್ಷಗಟ್ಟಲೆ ಕುಡಿದವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್, ಕಣ್ಣಮುಂದೆ ಇಲ್ಲದ್ದು ಕಾಣುವುದು, ಕೆಲವರಿಗೆ ಸಾವೂ ಬರುತ್ತದೆ.

ಅಲ್ಲಿನ ಸೇಂಟ್ ಥಾಮಸ್ ಕ್ಯಾಥೊಲಿಕ್ ಆಸ್ಪತ್ರೆಯಲ್ಲಿ ಅಡ್ಮಿಷನ್ ಮೇಜಿಗೆ ಕೂರುತ್ತಿದ್ದವರು ಸಿಸ್ಟರ್ ಇಗ್ನೇಷಿಯಾ ಎಂಬ ಕ್ರೈಸ್ತ ಸನ್ಯಾಸಿನಿ, ಐರ್ಲೆಂಡಿನ ಸಣಕಲು ಹೆಂಗಸು. ಮೊದಲು ಸಂಗೀತ ಕಲಿಸುತ್ತಿದ್ದವರು, ಮನಸ್ಸು ದೇಹ ಎರಡೂ ಕುಸಿದು ಪಾಠ ಬಿಡಬೇಕಾಗಿ ಬಂದದ್ದರಿಂದ ಈ ಮೇಜಿಗೆ ಬಂದಿದ್ದರು. 1939ರ ಆಗಸ್ಟಿನಲ್ಲಿ ಡಾಕ್ಟರ್ ಬಾಬ್ ತಂದ ರೋಗಿಯನ್ನು ಸಿಸ್ಟರ್ ‘ಹೊಟ್ಟೆಯ ಉರಿಯೂತ’ ಎಂದು ಪುಸ್ತಕದಲ್ಲಿ ಬರೆದು ಸೇರಿಸಿಕೊಂಡರು. ಮರುದಿನ ಅವನನ್ನು ಹೂವು ಜೋಡಿಸುವ ಸಣ್ಣ ಕೋಣೆಗೆ ಸಾಗಿಸಿದರು, ಎಎಯವರು ಬಂದು ಮಾತಾಡಲು ಏಕಾಂತ ಬೇಕಲ್ಲ. ಮುಂದೆ ಇದಕ್ಕೆಂದೇ ಒಂದು ವಾರ್ಡು ಆಯಿತು. ಕಾಫಿ ಯಾವಾಗಲೂ ಬಿಸಿಯಾಗಿರುತ್ತಿತ್ತು. ಕುಡಿತ ಬಿಟ್ಟವರು ಬಂದು ಕೂತು ತಮ್ಮ ಕತೆ ಹೇಳುತ್ತಿದ್ದರು. 1952ರಲ್ಲಿ ಸಿಸ್ಟರ್ ಕ್ಲೀವ್‌ಲ್ಯಾಂಡಿಗೆ ವರ್ಗವಾಗುವ ಹೊತ್ತಿಗೆ ಸುಮಾರು ಐದು ಸಾವಿರ ಜನ ಅವರ ಕೈದಾಟಿ ಹೋಗಿದ್ದರು.

ಮನೆಗೆ ಹೊರಟವರ ಕೈಗೆ ಸಿಸ್ಟರ್ ಯೇಸುವಿನ ಪವಿತ್ರ ಹೃದಯದ ಚಿತ್ರವಿದ್ದ ಸಣ್ಣ ಬಟ್ಟೆಯ ಬಿಲ್ಲೆ ಕೊಡುತ್ತಿದ್ದರು. ಶರತ್ತು ಒಂದೇ: ಮತ್ತೆ ಕುಡಿಯಬೇಕೆನಿಸಿದರೆ ಕುಡಿಯುವ ಮೊದಲು ಇದನ್ನು ತಂದು ನನ್ನ ಕೈಗೆ ವಾಪಸು ಕೊಡಬೇಕು. ಇನ್ನು ಮುಂದೆ ಕುಡಿಯುವುದಿಲ್ಲ ಎಂದು ಆಣೆ ಹಾಕಿಸಲಿಲ್ಲ. ಅಂಥ ಆಣೆ ಮುರಿದು ಮುರಿದು ಸವೆದವರೇ ಅವರೆಲ್ಲ. ಬಂದು ಮುಖ ತೋರಿಸುತ್ತೇನೆ ಎಂಬ ಮಾತು ಮಾತ್ರ ಕೇಳಿದರು. ಅಷ್ಟು ದೂರ ನಡೆದು ಬರುವಷ್ಟರಲ್ಲಿ ಆಸೆ ಇಳಿಯುತ್ತದೆ, ಇಳಿಯದಿದ್ದರೂ ಎದುರಿಗೊಬ್ಬರು ಇರುತ್ತಾರೆ. ಜೆಪ್ಸನ್ ಕೇಳಿದ ಮಾತಿಗಿಂತ ಇದು ಜಾಣತನದ್ದು.

ಆಣೆಯ ಬೆಲೆ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ‘ಧರ್ಮಸ್ಥಳಕ್ಕೆ ಬಂದು ಹೇಳ್ತೀಯಾ?’ ಎಂದರೆ ಇಂದಿಗೂ ಜಗಳ ಅಲ್ಲಿಗೇ ನಿಲ್ಲುವ ಊರುಗಳಿವೆ. ಅದೇ ಕ್ಷೇತ್ರದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ನಡೆಸುವ ಮದ್ಯವರ್ಜನ ಶಿಬಿರಗಳು ಎಂಟು ದಿನದವು, ಊರ ಕಲ್ಯಾಣ ಮಂಟಪದಲ್ಲೋ ಶಾಲೆಯಲ್ಲೋ ನಡೆಯುತ್ತವೆ. ಮುಗಿದ ಮೇಲೆ ಬಿಟ್ಟವರೇ ಸೇರುವ ನವಜೀವನ ಸಮಿತಿಗಳಿರುತ್ತವೆ. ಏಕ್ರನ್ನಿನ ಬಿಲ್ಲೆಯ ಕೆಲಸವನ್ನು ಇಲ್ಲಿ ವಾರದ ಸಭೆ ಮಾಡುತ್ತದೆ. ಇದರ ಪಕ್ಕದಲ್ಲೇ ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ ಚೀಟಿ: ‘ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ’. ಸಾರಿನಲ್ಲಿ ಪುಡಿ ಬೆರೆಸುವ ಈ ದಾರಿಯಲ್ಲಿ ಮಾತು ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಡೈಸಲ್ಫಿರಾಮ್‌ನಂಥ ಮಾತ್ರೆ ಗೊತ್ತಿಲ್ಲದೆ ಹೊಟ್ಟೆ ಸೇರಿದವನು ಮೇಲೆ ಕುಡಿದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರ.

ದೇವಸ್ಥಾನದಲ್ಲಿ ಇರುವುದರಿಂದ ಏನಾದರೂ ಆಗುತ್ತದೆಯೇ ಎಂದು ನಮ್ಮ ನಿಮ್ಹಾನ್ಸ್‌ನವರು ನೋಡಿದ್ದಾರೆ. ಮನೋವೈದ್ಯ ಆರ್. ರಘುರಾಮ್ ಮತ್ತು ಜೊತೆಗಾರರು ತಮಿಳುನಾಡಿನ ಒಂದು ಹಳ್ಳಿಯ ಗುಡಿಯಲ್ಲಿ ಉಳಿಯಲು ಬಂದ 31 ತೀವ್ರ ಮನೋರೋಗಿಗಳನ್ನು ಬಂದಾಗಲೂ ಹೊರಡುವಾಗಲೂ ಪರೀಕ್ಷಿಸಿದರು. ಸರಾಸರಿ ಆರು ವಾರದ ವಾಸ, ಔಷಧಿಯಿಲ್ಲ, ವಿಶೇಷ ಪೂಜೆಯೂ ಇಲ್ಲ. ರೋಗಲಕ್ಷಣಗಳ ಅಂಕ ಹತ್ತಿರ ಹತ್ತಿರ ಶೇ. 20ರಷ್ಟು ಇಳಿದಿತ್ತು. 2002ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಆ ವರದಿ ಶ್ರೇಯಸ್ಸನ್ನು ಯಾವ ಪವಾಡಕ್ಕೂ ಕೊಡಲಿಲ್ಲ, ಬೆದರಿಕೆಯಿಲ್ಲದ, ಆಸರೆ ಕೊಡುವ ಆ ಜಾಗಕ್ಕೆ ಕೊಟ್ಟಿತು. ಎರವಾಡಿಯ ಬೆಂಕಿಗೂ ಈ ವರದಿಗೂ ನಡುವೆ ಒಂದು ವರ್ಷವೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯನ್ನು ಯಾವುದೇ ರೀತಿಯಲ್ಲಿ ಸರಪಳಿಯಿಂದ ಕಟ್ಟುವುದನ್ನು ನಿಷೇಧಿಸಿದೆ.

ಯಾರ್ಕಿನ ರಿಟ್ರೀಟ್ 2018ರ ಕೊನೆಗೆ ಒಳರೋಗಿಗಳನ್ನು ಇರಿಸಿಕೊಳ್ಳುವುದನ್ನು ನಿಲ್ಲಿಸಿತು. 222 ವರ್ಷ ನಡೆದಿತ್ತು. ಆಮೇಲೆ ಬಂದು ಹೋಗುವವರಿಗಷ್ಟೇ ಸೇವೆ. ಹಳೆಯ ಕಟ್ಟಡ, ತೋಟ ಮನೆಗಳಿಗೆಂದು ಮಾರಾಟವಾದವು. ಆವರಣದ ಮೂಲೆಯ ಕ್ವೇಕರ್ ಸ್ಮಶಾನದಲ್ಲಿ ಹೆನ್ರಿಯ ಅಣ್ಣ, ಚಾಕೊಲೇಟಿನ ಜೋಸೆಫ್ ರೌಂಟ್ರಿ ಮಲಗಿದ್ದಾನೆ. ಆಸ್ಪತ್ರೆಯ ಹಳೆಯ ಕಡತಗಳು ಯಾರ್ಕ್ ವಿಶ್ವವಿದ್ಯಾಲಯದ ದಾಖಲೆ ಭಂಡಾರದಲ್ಲಿವೆ. ರೋಗಿಗಳ ದಾಖಲೆ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಅಂತರ್ಜಾಲಕ್ಕೆ ಹಾಕಿದ್ದಾರೆ, ಕೈಬರಹ ಓದುವ ತಾಳ್ಮೆ ಇದ್ದವರು ಓದಬಹುದು. ಹ್ಯಾನಾ ಮಿಲ್ಸ್‌ಳ ಪುಟ ಅಲ್ಲಿ ಸಿಗುವುದಿಲ್ಲ, ಅವಳು ಆ ಬಾಗಿಲಿಗೆ ಬರಲೇ ಇಲ್ಲ.